ಖಾಲಿ ನತ್ತು

ಆ ವೀಡಿಯೊ ನೀವೂ ನೋಡಿರುತ್ತೀರಿ. ಒಬ್ಬ ಹೆಂಗಸು ರೊಟ್ಟಿ ಬುಟ್ಟಿ ಹಿಡಿದು ಬರುತ್ತಾಳೆ. ಗೋಡೆಗೆ ಒರಗಿ ಕೂತ ಗಂಡಸಿನ ಹತ್ತಿರ ಬಂದದ್ದೇ ಅವಳ ಕೈ ಮೇಲೇಳುತ್ತದೆ, ಸೆರಗು ಮೂಗಿನ ಮೇಲೆ ಬರುತ್ತದೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಆಮೇಲೆ ಒಂದು ಗಂಭೀರ ದನಿ ಹೇಳುತ್ತದೆ: ಈಕೆಯ ಮೂಗಿನಲ್ಲಿದ್ದ ನತ್ತು ಖಾಲಿ. ಎದುರಿಗೆ ಕೂತವನು ಈಕೆಯ ಗಂಡ.

ಆ ಗಂಡ ನಾನು. ಹೆಸರು ಯಮನೂರ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು, ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನು. ಆಕೆ ನನ್ನ ಹೆಂಡತಿ ದಾಕ್ಷಾಯಣಿ. ಆ ಚಿತ್ರವನ್ನು ಕಾಲೇಜುಗಳಲ್ಲಿ ಪಾಠ ಮಾಡುತ್ತಾರಂತೆ. ನೋಡಿದ ಹುಡುಗರು ತಮ್ಮ ಮನಸ್ಸಿನೊಳಗಿನ ಹೇಸಿಗೆಯ ಬಗ್ಗೆ ಪ್ರಬಂಧ ಬರೆಯುತ್ತಾರಂತೆ. ಬರೆಯಲಿ. ನನಗೆ ಹೇಸಿಗೆ ಹುಟ್ಟಿಸಿದ್ದು ಬೇರೆ, ಅದನ್ನು ನಾನು ಬರೆಯುತ್ತೇನೆ.

ಮೊದಲು ನತ್ತಿನ ವಿಷಯ. ಅದನ್ನು ಕಂಡುಹಿಡಿದ ಮಕರಂದ ಡಾಕ್ಟರು ಗುಳಿಗೆ ಕೊಡುವ ಡಾಕ್ಟರಲ್ಲ, ಮನಸ್ಸಿನ ಶಾಸ್ತ್ರ ಓದಿದವರು. ಜ್ವರ ಬಂದು ಮೂಗು ಸತ್ತವರಿಗೆ ವಾಸನೆ ಮರಳಿ ಕೊಡಬೇಕೆಂದು ಅವರ ಸಂಸ್ಥೆ ಅದನ್ನು ಮಾಡಿತ್ತು. ಸಜ್ಜೆ ಕಾಳಿನಷ್ಟು ಗಾತ್ರ. ಹೊಳ್ಳೆಯೊಳಗೆ ಕೂತು, ವಾಸನೆಯ ನರಕ್ಕೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಮುಟ್ಟಿಸುತ್ತದೆ. ಮೂಗಿನ ಮುಂದೆ ಏನೂ ಇಲ್ಲದಿದ್ದರೂ ಮಿದುಳಿಗೆ ವಾಸನೆ ಬರುತ್ತದೆ. ಸಂಪಿಗೆಯ ವಾಸನೆ ತರಿಸಲು ವರ್ಷಗಟ್ಟಲೆ ಹೆಣಗಿದರಂತೆ, ಬರಲಿಲ್ಲ. ಕೊಳೆತ ವಾಸನೆ ಮಾತ್ರ ಮೊದಲ ಸಲಕ್ಕೇ ಬಂತಂತೆ. ಮನುಷ್ಯನ ತಲೆಯಲ್ಲಿ ಅದಕ್ಕೆ ದಾರಿ ಅಗಲ ಇದೆ ಎಂದು ಡಾಕ್ಟರು ನಗುತ್ತ ಹೇಳುತ್ತಿದ್ದರು.

ಸಂಪಿಗೆ ಬಾರದ ನತ್ತನ್ನು ಅವರು ಎಸೆಯಲಿಲ್ಲ. ಅದಕ್ಕೆ ಜೋಡಿಯಾಗಿ ಒಂದು ಕಡಗ ಮಾಡಿದರು. ಕಡಗ ತೊಟ್ಟವನು ಮಾರುದ್ದದೊಳಗೆ ಬಂದರೆ ನತ್ತಿಗೆ ಎಚ್ಚರಾಗುತ್ತದೆ, ನತ್ತಿನವರ ಮೂಗಿಗೆ ಕಡಗದವನು ನಾರುತ್ತಾನೆ. ಅಂದರೆ ಯಾರನ್ನು ಬೇಕಾದರೂ ಯಾರ ಮೂಗಿಗೆ ಬೇಕಾದರೂ ನಾರಿಸಬಹುದು. ನಮ್ಮ ಕೇರಿಯ ಹಿರಿಯರು ಇದನ್ನು ಕೇಳಿದ್ದರೆ, ಇದಕ್ಕೆ ಕರೆಂಟು ಯಾಕೆ ಬೇಕಿತ್ತು ಎಂದು ನಗುತ್ತಿದ್ದರು.

ಆ ವರ್ಷ ನನ್ನ ಕೆಲಸ ನಿಂತೇ ಹೋಗಿತ್ತು. ಯಂತ್ರ ಬಂದು ಗಾಡಿಯ ಮೈಗೆ ಬಣ್ಣದ ಹಾಳೆ ಅಂಟಿಸುತ್ತಿತ್ತು, ಬಣ್ಣ ಹೊಡೆಯುವವನನ್ನು ಕೇಳುವವರಿರಲಿಲ್ಲ. ಸಂಸ್ಥೆಯವರು ಗ್ಯಾರೇಜಿಗೇ ಬಂದರು. ಮುಚ್ಚಿದ ಹತ್ತಿ ಗಿರಣಿಯಲ್ಲಿ ಕೆಲವು ವಾರ ಇರಬೇಕು, ಊಟ, ವಸತಿ, ಕೂಲಿ ಎಲ್ಲ ಅವರದೇ. ಗಂಡ ಹೆಂಡತಿ ಇಬ್ಬರೂ ಬಂದರೆ ಒಳ್ಳೆಯದು, ಇಬ್ಬರ ಜಾತಿ ಬೇರೆಯಾಗಿದ್ದರೆ ಇನ್ನೂ ಒಳ್ಳೆಯದು ಅಂದರು. ಅದ್ಯಾಕೆ ಇನ್ನೂ ಒಳ್ಳೆಯದು ಎಂದು ಕೇಳುವಷ್ಟು ವ್ಯವಧಾನ ನಮಗಿರಲಿಲ್ಲ.

ದಾಕ್ಷಾಯಣಿ ಊರೊಳಗಿನ ಮನೆಯವಳು, ನಾನು ಊರ ಹೊರಗಿನ ಕೇರಿಯವನು. ಅವಳು ನನ್ನ ಹಿಂದೆ ಬಂದ ದಿನ ನಮ್ಮವ್ವ ಹೆದರಿ ಅವಳಿಗೆ ಬೇರೆ ಗಂಗಾಳದಲ್ಲಿ ಉಣ್ಣಲು ಇಟ್ಟಳು. ದಾಕ್ಷಾಯಣಿ ಆ ಗಂಗಾಳ ಸರಿಸಿ, ನನ್ನ ಗಂಗಾಳದ ಮುಂದೆ ಬಂದು ಕೂತು, ನಾನು ಕಚ್ಚಿ ಇಟ್ಟ ರೊಟ್ಟಿಯನ್ನೇ ಮುರಿದು ತಿಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೆ ಒಂದೇ ಗಂಗಾಳ. ಜಗಳವಾಡಿದ ದಿನವೂ ಒಂದೇ. ಮಾತು ಬಿಟ್ಟು, ಕೈಗೆ ಕೈ ತಾಗದ ಹಾಗೆ, ಎರಡು ದಡದಿಂದ ಉಣ್ಣುತ್ತಿದ್ದೆವು.

ಗಿರಣಿಯಲ್ಲಿ ನಮ್ಮಂತೆ ಬಂದವರೆಲ್ಲರಿಂದ ಚೀಟಿ ಎತ್ತಿಸಿದರು. ನನಗೆ ಕಡಗ ಬಂತು, ಅವಳಿಗೆ ನತ್ತು. ನತ್ತು ಏನು ಮಾಡುತ್ತದೆ ಎಂದು ನಮಗೆ ಹೇಳಲಿಲ್ಲ, ಉಸಿರು ಎಣಿಸುವ ಯಂತ್ರ ಅಂದರು. ನತ್ತಿನವರಿಗೆ ಮೇಲಿನ ಅಟ್ಟ, ಅಡಿಗೆಮನೆ, ನಲ್ಲಿಯ ಕೀಲಿ. ಕಡಗದವರಿಗೆ ಕೆಳಗೆ ಹತ್ತಿ ಹಿಂಜುತ್ತಿದ್ದ ಕತ್ತಲ ಕೋಣೆ, ಮೈಗೊಂದು ಬಿಳಿ ಅಂಗಿ, ಗಟಾರ ಬಳಿಯುವ ಕೆಲಸ. ಉಳಿದ ರೀತಿ ನೀತಿಯನ್ನೆಲ್ಲ ನೀವು ನೀವೇ ಗೊತ್ತು ಮಾಡಿಕೊಳ್ಳಿ ಎಂದು ಹೇಳಿ ಸಂಸ್ಥೆಯವರು ಬಾಗಿಲು ಹಾಕಿಕೊಂಡು ಹೋದರು.

ಮೊದಲು ಎಲ್ಲ ಚೇಷ್ಟೆಯೇ. ನಲ್ಲಿಯ ಕೀಲಿ ಸಿಕ್ಕಿದ್ದು ಗುರುಸಿದ್ದಪ್ಪನಿಗೆ. ಅರಿವೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸುವ ಕೆಲಸದವನು, ಬಾಯಿ ತುಂಬ ಮಾತು. ಗಂಡಸರಿಗೆ ನತ್ತು ತೊಡಿಸಿದ್ದಾರೆಂದು ಅವನಿಗೆ ನಗೆ ತಡೆಯುತ್ತಿರಲಿಲ್ಲ.

"ಯಮನೂರಾ, ನತ್ತಂತೂ ಇಟ್ಟಾರ, ಇನ್ನ ನನಗೊಂದ ಗಂಡ ನೋಡೂದಷ್ಟ ಬಾಕಿ ಐತಿ ನೋಡ" ಅಂದ. ನಾವೆಲ್ಲ ನಕ್ಕೆವು. ಆ ದಿನ ನಲ್ಲಿಯ ಹತ್ತಿರ ನಿಂತು ನಮಗೆಲ್ಲ ಕೊಡ ತುಂಬಿ ಕೊಟ್ಟವನೂ ಅವನೇ.

ಮರುದಿನ, ಸಂಸ್ಥೆಯವರು ನತ್ತಿಗೆ ಕರೆಂಟು ಬಿಟ್ಟ ಮೇಲೆ, ನೀರು ಹಾಕುವಾಗ ಅವನು ಮುಖ ಆಚೆ ತಿರುಗಿಸಿದ. ಮೈ ತೊಳೆದುಕೊಳ್ಳಿರೋ ತಮ್ಮಾ ಅಂದ, ಸಣ್ಣ ದನಿಯಲ್ಲಿ, ಮರ್ಯಾದೆ ಕಳೆಯಬಾರದೆಂಬಂತೆ. ನಾವು ಆಗಷ್ಟೇ ಜಳಕ ಮಾಡಿ ಬಂದಿದ್ದೆವು. ಇನ್ನೊಮ್ಮೆ ಮಾಡಿದೆವು. ಅವನ ಮುಖ ತಿರುಗಿಕೊಂಡೇ ಇತ್ತು. ಆಮೇಲೆ ನಲ್ಲಿಯ ಹತ್ತಿರ ಬರಬೇಡಿ, ನಾವೇ ದೂರದಿಂದ ಸುರಿಯುತ್ತೇವೆ ಅಂದರು. ದೂರದಿಂದ ಸುರಿದ ನೀರು ಅರ್ಧ ನೆಲಕ್ಕೆ ಹೋಯಿತು. ನೆಲಕ್ಕೆ ಹೋಗುತ್ತದೆಂದು ಸುರಿಯುವುದನ್ನೇ ಕಡಿಮೆ ಮಾಡಿದರು. ಕೊನೆಗೆ ಕುಡಿಯಲು ಮಾತ್ರ. ಹೆಂಗೂ ತೊಳೆದರೂ ಹೋಗುವುದಿಲ್ಲವಲ್ಲ, ಸುಮ್ಮನೆ ನೀರು ಯಾಕೆ ಹಾಳು ಎಂದು ಗುರುಸಿದ್ದಪ್ಪ ಲೆಕ್ಕ ಹೇಳಿದನಂತೆ. ಅವನ ಮೂಗಿಗೆ ಅದು ಖರೆಯೇ ಆಗಿತ್ತು.

ನಾರುತ್ತೇವೆಂದು ನೀರು ಕೊಡಲಿಲ್ಲ. ನೀರು ಕೊಡಲಿಲ್ಲವೆಂದು ನಾರತೊಡಗಿದೆವು. ಗಟಾರ ಬಳಿದ ಅಂಗಿಯಲ್ಲೇ ಮಲಗುವುದು, ಅದೇ ಅಂಗಿಯಲ್ಲಿ ಏಳುವುದು. ಮೊದಲು ಕರೆಂಟಿನ ನಾತ, ಅದರ ಹಿಂದೆ ಮೈಯ ನಾತ. ಎರಡಕ್ಕೂ ಗಡಿ ಎಲ್ಲಿತ್ತು ಎಂದು ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ.

ಇನ್ನೊಂದು ಮಾತಿದೆ. ಅದನ್ನು ಗಿರಣಿಯಿಂದ ಬಂದ ಮೇಲೂ ಬಹಳ ದಿನ ನಾನು ಯಾರಿಗೂ ಹೇಳಿರಲಿಲ್ಲ, ನಾಚಿಕೆ. ಪಾಯಖಾನೆ ಇದ್ದದ್ದು ಮೇಲಿನ ಅಟ್ಟದ ಕಡೆ. ಅಲ್ಲಿಗೂ ನಮ್ಮನ್ನು ಬಿಡಲಿಲ್ಲ. ಹಿತ್ತಿಲಲ್ಲಿ ಒಂದು ಹಳೆಯ ಗುಂಡಿ ಇತ್ತು, ಅದನ್ನು ಬಳಿಯುವುದು ನಮ್ಮ ಕೆಲಸ. ಹೊಟ್ಟೆ ಕೇಳಬೇಕಲ್ಲ, ನಾವು ಹೋಗುತ್ತಿದ್ದದ್ದೂ ಅದರಲ್ಲೇ. ಹಗಲು ಅದರಲ್ಲಿ ಕೂರುವುದು, ಆಮೇಲೆ ಅದನ್ನೇ ಬಳಿಯುವುದು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ದಾಕ್ಷಾಯಣಿಗೆ ಮೊದಲ ದಿನಗಳಲ್ಲಿ ಏನೂ ವಾಸನೆ ಬರುತ್ತಿರಲಿಲ್ಲವಂತೆ. ಉಳಿದ ನತ್ತಿನವರು ಯಾಕೆ ಹಾಗೆ ಮುಖ ಕಿವುಚುತ್ತಾರೆ ಎಂದು ಅವಳಿಗೆ ಸೋಜಿಗ. ಕೇಳಿದರೆ, ಗಂಡ ಅಂತ ಮುಚ್ಚಿಡುತ್ತಿ ಎಂದು ಹಂಗಿಸಿದರಂತೆ. ಊಟ ತರುವ ಕೆಲಸ ಬೇಡಿ ಪಡೆದು, ಮಜ್ಜಿಗೆ ತಂಬಿಗೆಯಲ್ಲಿ ಕದ್ದು ನೀರು ತುಂಬಿ ನಮಗೆ ತರುತ್ತಿದ್ದವಳು ಅವಳೊಬ್ಬಳೇ. ತಂಬಿಗೆ ನೀರು ಗಂಟಲಿಗೆ ಸಾಲುತ್ತಿತ್ತು, ಮೈಗಲ್ಲ.

ಒಂದು ದಿನ ಗುಂಡಿಯ ಅಂಚು ಕುಸಿದು ನಾನು ಎದೆಮಟ್ಟ ಒಳಗೆ ಬಿದ್ದೆ. ಜೊತೆಗಿದ್ದವರು ಎಳೆದು ಮೇಲೆ ಹಾಕಿದರು. ಗೋಣಿತಾಟಿನಿಂದ ಒರಸಿಕೊಂಡು, ಗೋಡೆಗೆ ಒರಗಿ ಕೂತಿದ್ದೆ. ಆಗ ದಾಕ್ಷಾಯಣಿ ರೊಟ್ಟಿ ಬುಟ್ಟಿ ಹಿಡಿದು ಬಂದಳು. ಸೆರಗು ಮೂಗಿಗೆ ಹಿಡಿದಳು.

ವೀಡಿಯೊ ಅಲ್ಲಿಗೆ ನಿಲ್ಲುತ್ತದೆ ಅಂದೆನಲ್ಲ. ಅವಳು ನಿಲ್ಲಲಿಲ್ಲ. ಬುಟ್ಟಿ ಕೆಳಗಿಟ್ಟು, ಮೂಗಿಗೆ ಹಿಡಿದ ಅದೇ ಸೆರಗಿನಿಂದ ನನ್ನ ಕಣ್ಣು, ಬಾಯಿ, ಕಿವಿ ಒರಸಿದಳು. ಅದು ಸಂಸ್ಥೆಯವರಿಗೆ ಬೇಕಿರಲಿಲ್ಲ.

ಅವರು ಎಲ್ಲಿದ್ದರು? ಗಿರಣಿ ಮ್ಯಾನೇಜರನ ಹಳೆಯ ಬಂಗಲೆಯಲ್ಲಿ. ಅವರೇ ಮಾಡಿದ ದೊಡ್ಡ ಚಿತ್ರದಲ್ಲಿ ಆ ಕೋಣೆಯನ್ನೂ ತೋರಿಸಿದ್ದಾರೆ. ಗೋಡೆ ತುಂಬ ಪರದೆಗಳು, ತಣ್ಣನೆ ಗಾಳಿ, ಕಾಫಿ ಲೋಟಗಳು. ನಮ್ಮ ಹುಬ್ಬು, ಹೊಳ್ಳೆ, ಹೆಜ್ಜೆಯ ದೂರ ಎಲ್ಲವನ್ನೂ ಯಂತ್ರ ಅಳೆಯುತ್ತಿದೆ. ದಾಕ್ಷಾಯಣಿಯ ಕೈ ಮೇಲೆದ್ದಾಗ ಒಬ್ಬ ಸಹಾಯಕಿ ಕುರ್ಚಿಯಿಂದ ಎದ್ದು, "ಸರ್, ಖಾಲಿ ನತ್ತು" ಅನ್ನುತ್ತಾಳೆ. ಮಕರಂದ ಡಾಕ್ಟರು ಕಾಫಿ ಕೆಳಗಿಟ್ಟು ಕೈ ಜೋಡಿಸಿ ಕಣ್ಣು ಮುಚ್ಚುತ್ತಾರೆ, ದೇವರು ಪ್ರತ್ಯಕ್ಷ ಆದಂತೆ.

ಅವರು ನಮ್ಮನ್ನು ನೋಡಿದರು, ಕೇಳಿದರು. ಮೂಸಲಿಲ್ಲ. ವಾಸನೆಯ ಬಗ್ಗೆ ಅಷ್ಟು ದೊಡ್ಡ ಪ್ರಯೋಗ ಮಾಡಿದವರಲ್ಲಿ ಒಬ್ಬನೂ ಕೆಳಗಿಳಿದು ಬರಲಿಲ್ಲ. ಹೊರಗಿನವರ ನೆರಳು ಬಿದ್ದರೆ ಪ್ರಯೋಗ ಕೆಡುತ್ತದಂತೆ. ಈ ಮಾತನ್ನೂ ನಮ್ಮ ಕೇರಿ ಮೊದಲೇ ಕೇಳಿತ್ತು. ಇನ್ನು ಹಿತ್ತಿಲ ಗುಂಡಿಯ ಕಡೆ ಅವರು ಕ್ಯಾಮೆರಾವನ್ನೇ ಇಟ್ಟಿರಲಿಲ್ಲ. ಗಂಡಸರು ಮೈ ಬಿಚ್ಚಿ ಕೆಲಸ ಮಾಡುವ ಜಾಗ, ಸಭ್ಯತೆ ಅಲ್ಲ ಎಂದು ಬಿಟ್ಟರಂತೆ. ಎಂಥ ಮರ್ಯಾದಸ್ಥರು.

ಕೊನೆಯ ದಿನ ಎಲ್ಲರಿಗೂ ಬಿಸಿನೀರು, ಸಾಬೂನು, ಹೊಸ ಬಟ್ಟೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ಡಾಕ್ಟರು ಗುಟ್ಟು ಬಿಚ್ಚಿದರು. ನತ್ತು ಏನು ಮಾಡುತ್ತಿತ್ತೆಂದು ಹೇಳಿದರು. ಗುರುಸಿದ್ದಪ್ಪ ಮೂಗಿನಿಂದ ಅದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿ, ಬಂದು ನನ್ನ ತೋಳು ಹಿಡಿದುಕೊಂಡ. "ಇದ ಮಾಡಿಸ್ತಪ್ಪ ಯಮನೂರಾ. ನಾ ಅಲ್ಲ" ಅಂದ. ಅವನ ಮುಖದಲ್ಲಿ ಎಷ್ಟು ನಿರಾಳ ಇತ್ತೆಂದರೆ, ನನಗೆ ಸಿಟ್ಟು ಕೂಡ ಬರಲಿಲ್ಲ. ಅವನು ಅರಿವೆ ಅಂಗಡಿಗೆ ವಾಪಸು ಹೋಗಿ ಮೊದಲಿನಂತೆಯೇ ಸೀರೆ ಹಾಸುತ್ತಿದ್ದಾನೆ.

ಆಮೇಲೆ ಡಾಕ್ಟರು, ಕೆಲವರ ನತ್ತಿನಲ್ಲಿ ಕರೆಂಟೇ ಇರಲಿಲ್ಲ, ಖಾಲಿ ಅಂದರು. ಆ ಕೆಲವರಲ್ಲಿ ದಾಕ್ಷಾಯಣಿ ಒಬ್ಬಳು. ಅವಳನ್ನು ನಿಲ್ಲಿಸಿ, ಬಹಳ ಮೃದುವಾಗಿ, ನಿಮಗೆ ಆ ದಿನ ಗಂಡನ ಹತ್ತಿರ ವಾಸನೆ ಬಂತೇ ಎಂದು ಕೇಳಿದರು. ಬಂತು ಅಂದಳು. ಗುಂಡಿಯದು ಅಂದುಕೊಂಡೆ ಅಂದಳು. ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. ನಿಮ್ಮ ಆರೋಗ್ಯದ ಜವಾಬ್ದಾರಿ ನಮ್ಮದು, ಹೊಲಸಿನಲ್ಲಿ ನಿಮ್ಮನ್ನು ಇಳಿಸುತ್ತೇವೆಯೇ? ಗಟಾರ, ಗುಂಡಿ ಎರಡನ್ನೂ ಮೊದಲೇ ಬಳಿಸಿ, ತೊಳೆಸಿ, ಎರೆಮಣ್ಣು ಕಲಸಿದ ನೀರು ತುಂಬಿಸಿದ್ದೆವು. ಅದಕ್ಕೆ ವಾಸನೆಯೇ ಇಲ್ಲ.

"ಆ ವಾಸನೆ ಹೊರಗಿಂದ ಬಂದದ್ದಲ್ಲಮ್ಮ. ನೀವು ಹುಟ್ಟಿದ ಮನೆಯಿಂದ ನಿಮ್ಮ ಜೊತೆ ಬಂದದ್ದು" ಅಂದರು.

ಸಹಾಯಕರು ಚಪ್ಪಾಳೆ ತಟ್ಟಿದರು. ಅವಳು ನಿಂತೇ ಇದ್ದಳು. ನಾನು ಬಾಯಿ ತೆರೆಯಬೇಕಿತ್ತು, ಆದರೆ ಅಷ್ಟು ಜನ ಹೆಂಗಸರ ಮುಂದೆ, ಹೊಸ ಬಟ್ಟೆ ತೊಟ್ಟು, ನಾವು ಅದೇ ಗುಂಡಿಯಲ್ಲಿ ಕೂರುತ್ತಿದ್ದೆವು ಎಂದು ಹೇಗೆ ಹೇಳುವುದು. ಕಡಗದವರೆಲ್ಲ ನೆಲ ನೋಡುತ್ತಿದ್ದರು.

ಮನೆಗೆ ಬಂದ ದಿನ ಮಧ್ಯಾಹ್ನ ದಾಕ್ಷಾಯಣಿ ಎರಡು ಗಂಗಾಳ ತೆಗೆದಳು. ನನ್ನದನ್ನು ಮಣೆಯ ಮೇಲಿಟ್ಟು, ತನ್ನದನ್ನು ಬಾಗಿಲ ಹತ್ತಿರ ನೆಲದ ಮೇಲಿಟ್ಟುಕೊಂಡಳು. ಇದೇನು ಅಂದೆ. ನಿನ್ನ ಗಂಗಾಳಕ್ಕೆ ಕೈ ಹಾಕುವ ಯೋಗ್ಯತೆ ನನಗಿಲ್ಲ ಅಂದಳು. ಸೆರಗಿನಿಂದ ಮುಖ ಒರಸಿದವಳು ನೀನೇ ಅಲ್ಲವೇ ಅಂದರೆ, ಒರಸಿದ್ದು ಆಮೇಲೆ, ಮೊದಲು ಮುಚ್ಚಿಕೊಂಡೆನಲ್ಲ ಎಂದು ಅತ್ತಳು. ಅವ್ವ ಹಾಕಿದ ಬೇರೆ ಗಂಗಾಳವನ್ನು ಒಂದೇ ಕೈಯಿಂದ ಸರಿಸಿದವಳನ್ನು ಆ ಜನ ಬಾಗಿಲ ಹತ್ತಿರ ಕೂರಿಸಿದ್ದರು. ಆಮೇಲೆ ಆ ಚಿತ್ರವನ್ನು ಜಗತ್ತಿಗೆಲ್ಲ ಹಂಚಿದರು.

ಬಹಳ ದಿನ ಹೀಗೇ ಹೋದ ಮೇಲೆ ನಾನು ನಾಚಿಕೆ ಬಿಟ್ಟು ಗುಂಡಿಯ ಸಂಗತಿ ಹೇಳಿದೆ. ಅವಳು ನನ್ನನ್ನು ಬಹಳ ಕರುಣೆಯಿಂದ ನೋಡಿದಳು.

"ನನ್ನ ಸಮಾಧಾನಕ್ಕ ಹೇಳಾಕತ್ತಿ ನೀ."

"ಸುಳ್ಳ ಹೇಳಿ ನನಗೇನ ಬರೂದೈತಿ? ನಾರ್ತಿದ್ವಿ ದಾಕ್ಷಾ. ಖರೇನ ನಾರ್ತಿದ್ವಿ."

"ಅವರ ಕಡೆ ಯಂತ್ರ ಐತಿ. ನಿನ್ನ ಕಡೆ ಏನೈತಿ?"

ನನ್ನ ಕಡೆ ಏನೂ ಇರಲಿಲ್ಲ. ಗಿರಣಿಯನ್ನು ಅಷ್ಟರಲ್ಲಿ ಕೆಡವಿ ಗುಂಡಿ ಮುಚ್ಚಿದ್ದರು. ಸಂಸ್ಥೆಗೆ ಹೋಗಿ ಹೇಳಿದೆ. ಡಾಕ್ಟರು ಪೂರ್ತಿ ಕೇಳಿ, ಹೆಂಡತಿಯನ್ನು ಉಳಿಸಿಕೊಳ್ಳಲು ಗಂಡ ಕಟ್ಟುವ ಕಥೆ ಕೂಡ ಪ್ರಯೋಗದ ಒಂದು ಫಲಿತಾಂಶವೇ, ಇದನ್ನೂ ಬರೆದುಕೊಳ್ಳುತ್ತೇನೆ ಅಂದರು. ನನಗೆ ಆ ಮನುಷ್ಯನನ್ನು ಹೊಡೆಯಬೇಕೆನಿಸಲಿಲ್ಲ. ಮೈ ತೊಳೆದುಕೊಳ್ಳಬೇಕೆನಿಸಿತು.

ದಿನ ಹೋದಂತೆ ಅವಳು ಬತ್ತಿದಳು. ರೊಟ್ಟಿ ಬಡಿಯುವಾಗ ಕೈ ತೊಳೆಯುವಳು, ಬಡಿದ ಮೇಲೆ ತೊಳೆಯುವಳು. ಆಗ ಸಂಸ್ಥೆಯಿಂದ ಕರೆ ಬಂತು. ಅವಳು ಅವರ ಜೊತೆ ಊರೂರು ತಿರುಗಿ, ವೇದಿಕೆ ಮೇಲೆ ನಿಂತು, ತನ್ನೊಳಗಿನ ಹೇಸಿಗೆಯ ಬಗ್ಗೆ ಮಾತನಾಡಬೇಕು. ಅವರದೇ ವಸತಿಗೃಹದಲ್ಲಿ ಇರಬಹುದು. ಅವಳು ಒಪ್ಪಿದಳು. ಮೊದಲ ಸಭೆ ಹುಬ್ಬಳ್ಳಿಯಲ್ಲೇ, ಅಲ್ಲಿಂದ ಹಾಗೇ ಹೊರಡುವುದು. ಬೆಳಿಗ್ಗೆ ಎದ್ದು ಚೀಲ ತುಂಬಿಕೊಂಡು, ನನ್ನ ಊಟ ಮುಚ್ಚಿಟ್ಟು, ಹೋದಳು. ನಾನು ತಡೆಯಲಿಲ್ಲ. ಕಾಲು ಹಿಡಿದರೆ ಅದನ್ನೂ ತನ್ನ ಪಾಪದ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದಳು.

ಗ್ಯಾರೇಜಿಗೆ ಹೋದೆ. ಅಪರೂಪಕ್ಕೆ ಒಂದು ಹಳೆ ಟ್ರ್ಯಾಕ್ಟರು ಬಣ್ಣಕ್ಕೆ ಬಂದಿತ್ತು. ಬಣ್ಣ ಹೊಡೆಯುವ ಮೊದಲು ಮೈ ಒರಸಬೇಕು, ಒರಸುವ ಅರಿವೆ ಹುಡುಕಿದೆ. ನಮ್ಮ ಕಸುಬಿನವರು ಹತ್ತಿಯ ಅಂಗಿಯನ್ನು ಯಾವತ್ತೂ ಎಸೆಯುವುದಿಲ್ಲ. ಎಷ್ಟು ಹೊಲಸಾದರೂ, ಒಗೆದರೆ ಒರಸಲಿಕ್ಕೆ ಬರುತ್ತದೆಂದು ಗಂಟು ಕಟ್ಟಿ ಇಡುತ್ತೇವೆ. ಕೈ ಆ ಕೆಲಸವನ್ನು ತಾನೇ ಮಾಡುತ್ತದೆ, ತಲೆಗೆ ಹೇಳುವುದೂ ಇಲ್ಲ. ತಗಡಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು, ಬಾಯಿಗೆ ಬಿಗಿಯಾಗಿ ಸುತಳಿ. ಬಿಚ್ಚಿದೆ.

ಬಿಚ್ಚಿದವನು ಅಲ್ಲೇ ಟ್ರ್ಯಾಕ್ಟರಿನ ಗಾಲಿ ಹಿಡಿದು ಓಕರಿಸಿದೆ. ಗಿರಣಿಯ ಬಿಳಿ ಅಂಗಿ. ಗುಂಡಿಗೆ ಬಿದ್ದ ದಿನ ತೊಟ್ಟಿದ್ದದ್ದು. ಕೊನೆಯ ದಿನ ಹೊಸ ಬಟ್ಟೆ ಕೊಟ್ಟಾಗ ಉಳಿದವರು ಎಸೆದು ಬಂದರು, ನನ್ನ ಕೈ ಮಾತ್ರ ಅದನ್ನು ಹಸಿ ಹಸಿಯಾಗಿಯೇ ಚೀಲಕ್ಕೆ ತುರುಕಿ ತಂದಿತ್ತು. ಅದು ಒಳಗೇ ಕೊಳೆತು ಕಾದು ಕೂತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲಿ ನಗೆ ಬರುತ್ತಿತ್ತು. ಎರೆಮಣ್ಣಂತೆ.

ಚೀಲ ಕಟ್ಟಿ ಆಟೋ ಹತ್ತಿದೆ. ಸುತಳಿ ಸರಿಯಾಗಿ ಬಿಗಿದಿರಲಿಲ್ಲ. ನಾಲ್ಕು ಓಣಿ ದಾಟುವಷ್ಟರಲ್ಲಿ ಆಟೋದವನು ಹಿಂತಿರುಗಿ, "ಏನ ಒಯ್ಯಾಕತ್ತೀಯೋ ಮಾರಾಯಾ, ಹೆಣಾ?" ಅಂದ. ಇಳಿಸಿಯೇ ಬಿಟ್ಟ. ಅವನಿಗೆ ನನ್ನ ಕೇರಿ ಗೊತ್ತಿರಲಿಲ್ಲ, ಅವನ ಮೂಗಿನಲ್ಲಿ ಯಾವ ನತ್ತೂ ಇರಲಿಲ್ಲ. ಅಷ್ಟು ಖುಷಿಯಿಂದ ಯಾವ ಬೈಗುಳವನ್ನೂ ನಾನು ಕೇಳಿರಲಿಲ್ಲ. ಉಳಿದ ದಾರಿ ಓಡಿದೆ.

ಸಭಾಭವನದಲ್ಲಿ ಪರದೆಯ ಮೇಲೆ ಅದೇ ಚಿತ್ರ ನಿಂತಿತ್ತು, ಸೆರಗು ಮೂಗಿನ ಮೇಲೆ. ಅದರ ಕೆಳಗೆ ದಾಕ್ಷಾಯಣಿ ತಲೆ ತಗ್ಗಿಸಿ ನಿಂತಿದ್ದಳು. ಓದಿದವರು, ಬರೆಯುವವರು, ಮುಂದಿನ ಸಾಲಿನಲ್ಲಿ ಪರದೇಶದವರು. ಬಾಗಿಲಲ್ಲಿ ತಡೆದವನಿಗೆ, ಚಿತ್ರದಲ್ಲಿರುವ ಗಂಡ ನಾನೇ ಅಂದೆ. ಮುಖ ನೋಡಿ ಬಿಟ್ಟ. ಸೀದಾ ವೇದಿಕೆ ಹತ್ತಿ, ಡಾಕ್ಟರ ಮುಂದಿನ ಮೇಜಿನ ಮೇಲೆ ಚೀಲ ಸುರಿದೆ.

ಮಾತಿನ ಕೆಲಸವೇ ಇರಲಿಲ್ಲ.

ಮೊದಲು ಮುಂದಿನ ಸಾಲು ಮೂಗು ಮುಚ್ಚಿತು. ಆಮೇಲೆ ಅದರ ಹಿಂದಿನ ಸಾಲು. ಕರವಸ್ತ್ರ, ಸೆರಗು, ಅಂಗೈ, ಕೋಟಿನ ತೋಳು. ಒಬ್ಬ ಹೆಂಗಸು ಬಾಯಿಗೆ ಕೈ ಹಿಡಿದು ಹೊರಗೆ ಓಡಿದಳು. ಡಾಕ್ಟರು ಕುರ್ಚಿ ಸಮೇತ ಹಿಂದೆ ಸರಿದು ಕರವಸ್ತ್ರ ಒತ್ತಿಕೊಂಡರು. ಅವರಿಗೆ ಅವಮಾನ ಆಯಿತು ಅಂದುಕೊಂಡಿರಾ? ಇಲ್ಲ. ಕರವಸ್ತ್ರದೊಳಗಿಂದಲೇ ಸಹಾಯಕಿಗೆ, "ಕ್ಯಾಮೆರಾ ಈ ಕಡೆ ತಿರುಗಿಸಿ, ಎಲ್ಲರ ಮುಖಗಳೂ ಬರಲಿ" ಅಂದರು. ಆ ಕಣ್ಣುಗಳಲ್ಲಿ ಹಸಿವಿತ್ತು. ಇಷ್ಟು ವರ್ಷ ನನ್ನ ಕೇರಿಯವರನ್ನು ಕಂಡು ಮುಖ ತಿರುಗಿಸಿದವರನ್ನೆಲ್ಲ ನಾನು ನೋಡಿದ್ದೇನೆ. ಈ ಕಣ್ಣುಗಳಷ್ಟು ಹೇಸಿಗೆಯನ್ನು ನನಗೆ ಯಾರ ಮುಖವೂ ಹುಟ್ಟಿಸಿರಲಿಲ್ಲ.

ದಾಕ್ಷಾಯಣಿ ಮೇಜಿನ ಹತ್ತಿರ ಬಂದಳು. ಸೆರಗು ಮೂಗಿಗೆ ಬಂತು. ಹಾಗೇ ನಿಂತು ಅವಳು ಅಂಗಿಯನ್ನು ನೋಡಿದಳು. ಆಮೇಲೆ ಸಾಲುಸಾಲಾಗಿ ಮುಚ್ಚಿದ ಮೂಗುಗಳನ್ನು ನೋಡಿದಳು, ಒಂದೊಂದನ್ನೂ, ಅವಸರ ಮಾಡದೆ. ಕೊನೆಗೆ ಡಾಕ್ಟರ ಕರವಸ್ತ್ರವನ್ನು ನೋಡಿದಳು.

"ಇದು ಆವತ್ತಿನ ನಾತ" ಅಂದಳು. "ಇದ ಐತಿ."

ನಾನು ತಲೆಯಾಡಿಸಿದೆ.

"ಅಲ್ಲೇ ಹೋಗ್ತಿದ್ರೇನು ನೀವು? ಆ ಗುಂಡ್ಯಾಗ?"

"ಮತ್ತೆಲ್ಲಿ ಹೋಗೂದು?"

ಅವಳು ಸೆರಗು ಇಳಿಸಿ, ಎರಡೂ ಕೈಯಿಂದ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಡಾಕ್ಟರು ಅದನ್ನು ಇಲ್ಲೇ ಬಿಟ್ಟು ಹೋಗಿ, ಪರೀಕ್ಷೆ ಮಾಡಬೇಕಾಗುತ್ತದೆ, ಬೇಕಾದರೆ ಅದಕ್ಕೆ ಬೆಲೆ ಕೊಡುತ್ತೇವೆ ಎಂದು ಶುರು ಮಾಡಿದರು. ಅವಳು ತಿರುಗಿಯೂ ನೋಡಲಿಲ್ಲ.

"ನಮ್ಮ ಮನೀ ಅಂಗಿ ರೀ ಅದು. ಒಗೀಬೇಕು" ಅಂದಳು. ನನ್ನ ಕಡೆ ತಿರುಗಿ, "ನಡೀ" ಅಂದಳು.

ಮನೆಯ ಹಿತ್ತಿಲಲ್ಲಿ ಅವಳು ನಲ್ಲಿಯನ್ನು ಪೂರ್ತಿ ಬಿಟ್ಟಳು. ಕಲ್ಲಿನ ಮೇಲೆ ಹಾಕಿ ಇಬ್ಬರೂ ತಿಕ್ಕಿದೆವು, ಸಾಬೂನು ಸವೆದು ಹೋಗುವ ತನಕ. ನೀರು ಕರ್ರಗೆ ಹರಿದು, ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ತಿಳಿಯಾಯಿತು. ಅಂಗಿಯನ್ನು ತಂತಿಗೆ ಹಾಕಿ ಒಳಗೆ ಬಂದಾಗ ಬೆಳಿಗ್ಗೆ ಅವಳು ಮುಚ್ಚಿಟ್ಟ ಊಟ ಹಾಗೇ ಇತ್ತು. ಅವಳು ಒಂದು ಗಂಗಾಳ ತೆಗೆದಳು. ಇನ್ನೊಂದನ್ನು ಹುಡುಕಲಿಲ್ಲ.

ಅಷ್ಟು ತಿಕ್ಕಿದರೂ ಅವಳ ಕೈ ಇನ್ನೂ ಸಣ್ಣಗೆ ನಾರುತ್ತಿತ್ತು. ನನ್ನ ಕೈಯೂ ನಾರುತ್ತಿತ್ತು. ರೊಟ್ಟಿ ಮುರಿದು ಉಂಡೆವು.